ಅಂಕ ಕೊಡುವ ಮುನ್ನ: ರೂಪಣಾತ್ಮಕ ಮೌಲ್ಯಮಾಪನ ಬೆಳೆದು ಬಂದ ದಾರಿ



ಕರ್ನಾಟಕದ ಶಾಲೆಗಳ ಶಿಕ್ಷಕರ ಕೊಠಡಿಯಲ್ಲಿ ಎಫ್‌ಎ, ಎಸ್‌ಎ ಎಂಬ ಮಾತು ಸದಾ ಕಿವಿಗೆ ಬೀಳುತ್ತದೆ. ಎಫ್‌ಎ ಎಂದರೆ ರೂಪಣಾತ್ಮಕ ಮೌಲ್ಯಮಾಪನ, ಎಸ್‌ಎ ಎಂದರೆ ಸಂಕಲನಾತ್ಮಕ ಮೌಲ್ಯಮಾಪನ. ಈ ಜೋಡಿಯನ್ನು 1967ರಲ್ಲಿ ಬಳಕೆಗೆ ತಂದವರು ತತ್ತ್ವಶಾಸ್ತ್ರಜ್ಞ ಮೈಕೆಲ್ ಸ್ಕ್ರಿವೆನ್. ಅವರ ಲಕ್ಷ್ಯವಿದ್ದದ್ದು ಪಠ್ಯಕ್ರಮದ ಮೇಲೆ. ಸಿದ್ಧವಾಗುತ್ತಿರುವಾಗಲೇ ತಿದ್ದುವುದಕ್ಕಾಗಿ ಮಾಡುವ ಪರಿಶೀಲನೆ ಬೇರೆ, ಮುಗಿದ ಮೇಲೆ ತೀರ್ಪು ಕೊಡುವ ಪರಿಶೀಲನೆ ಬೇರೆ ಎಂದರು ಅವರು. ಷಿಕಾಗೋದ ಬೆಂಜಮಿನ್ ಬ್ಲೂಮ್ ಅದೇ ವಿಚಾರವನ್ನು ಮಗುವಿನ ಕಲಿಕೆಗೆ ತಂದರು. 1971ರಲ್ಲಿ ಹೇಸ್ಟಿಂಗ್ಸ್ ಮತ್ತು ಮಡಾಸ್ ಜೊತೆಗೂಡಿ ಶಿಕ್ಷಕರಿಗಾಗಿ ದೊಡ್ಡದೊಂದು ಕೈಪಿಡಿಯನ್ನೇ ಹೊರತಂದರು.

ಅದೇ ದಶಕದಲ್ಲಿ ಅಮೆರಿಕದ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣ ಕೇಳುತ್ತಾ ಕುಳಿತರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು! ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿದ್ದವರೂ ಬಾಯಿಬಿಟ್ಟರು. 1988ರಲ್ಲಿ ಇಸ್ರೇಲಿನ ರೂತ್ ಬಟ್ಲರ್ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಉಳಿದವರಿಗೆ ಎರಡೂ. ಸುಧಾರಿಸಿದವರು ಬರೀ ಟಿಪ್ಪಣಿ ಪಡೆದವರು. ಅಂಕ ಕಂಡೊಡನೆ ಪಕ್ಕದ ಟಿಪ್ಪಣಿಯ ಕಡೆ ಮಗುವಿನ ಗಮನ ಹೋಗುವುದಿಲ್ಲ.

1998ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ ಇಂಥ ಸುಮಾರು 250 ಬರಹಗಳನ್ನು ಒಟ್ಟಿಗೆ ಪರಿಶೀಲಿಸಿದರು. ಕಲಿಕೆಯ ನಡುವೆಯೇ ಮಗುವಿನ ತಿಳಿವಳಿಕೆ ಅರಿತು ಪಾಠ ತಿದ್ದಿಕೊಂಡರೆ ಫಲಿತಾಂಶ ಗಣನೀಯವಾಗಿ ಏರುತ್ತದೆ, ಹಿಂದುಳಿದ ಮಕ್ಕಳಿಗೆ ಲಾಭ ಹೆಚ್ಚು ಎಂಬುದು ಅವರ ನಿರ್ಣಯ.

ಆದರೆ ವರದಿ ಓದಿದ ಮಾತ್ರಕ್ಕೆ ಯಾರ ಪಾಠವೂ ಬದಲಾಗುವುದಿಲ್ಲ. ಇದನ್ನು ಬಲ್ಲ ಬ್ಲ್ಯಾಕ್ ತಂಡ 1999ರಲ್ಲಿ ಇಂಗ್ಲೆಂಡಿನ ಮೆಡ್ವೆ ಮತ್ತು ಆಕ್ಸ್‌ಫರ್ಡ್‌ಶೈರ್‌ನ ಆರು ಶಾಲೆಗಳ 24 ಗಣಿತ, ವಿಜ್ಞಾನ ಶಿಕ್ಷಕರ ಜೊತೆ ಕೆಲಸಕ್ಕಿಳಿಯಿತು. ಸಿದ್ಧ ಸೂತ್ರವನ್ನು ಯಾರಿಗೂ ಕೊಡಲಿಲ್ಲ. ಪ್ರತಿಯೊಬ್ಬರೂ ತಮಗೆ ಒಪ್ಪುವ ವಿಧಾನ ಆರಿಸಿಕೊಂಡು ತರಗತಿಯಲ್ಲಿ ಪರೀಕ್ಷಿಸಿದರು, ಮತ್ತೆ ಸೇರಿ ಚರ್ಚಿಸಿದರು. ಆ ಮಾದರಿ ಬೆಳೆದು, ಎರಡು ವರ್ಷ ಪ್ರತಿ ತಿಂಗಳು ಶಾಲೆಯೊಳಗೇ ನಡೆಯುವ ಶಿಕ್ಷಕರ ಕಲಿಕಾ ಸಭೆಯಾಯಿತು. ಇಂಗ್ಲೆಂಡಿನ 140 ಪ್ರೌಢಶಾಲೆಗಳಲ್ಲಿ ಅದನ್ನು ಪರೀಕ್ಷಿಸಿದ ವರದಿ 2018ರಲ್ಲಿ ಬಂತು: ಈ ಸಭೆಗಳಿದ್ದ ಶಾಲೆಗಳ ಮಕ್ಕಳು ಎರಡು ತಿಂಗಳ ಕಲಿಕೆಯಷ್ಟು ಮುಂದಿದ್ದರು. ಖರ್ಚು ಅತ್ಯಲ್ಪ.

ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು, ನಮ್ಮ ಬಾಯಿಮಾತಿನ ಸಿಸಿಇಯನ್ನು, ಕಡ್ಡಾಯ ಮಾಡಿತು. ಉದ್ದೇಶ ಒಳ್ಳೆಯದು. ಆದರೆ ಹರಿಯಾಣದ ಸರ್ಕಾರಿ ಶಾಲೆಗಳಲ್ಲಿ ನಡೆದ ಪ್ರಯೋಗದಲ್ಲಿ ಸಿಸಿಇಯಿಂದ ಮಕ್ಕಳ ಕಲಿಕೆ ಹೆಚ್ಚಿದ್ದು ಕಾಣಲಿಲ್ಲ. ಅದೇ ಪ್ರಯೋಗದಲ್ಲಿ, ಮಕ್ಕಳನ್ನು ಅವರವರ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಹಿಂದಿ ಕಲಿಸಿದ ಕಡೆ ಓದು ಸುಧಾರಿಸಿತು. ದಾಖಲೆ ತುಂಬುವುದಕ್ಕೂ ದಾಖಲೆ ನೋಡಿ ಪಾಠ ಬದಲಿಸುವುದಕ್ಕೂ ಇರುವ ಅಂತರ ಇದು.

ಮಗುವಿನ ಮಟ್ಟ ನೋಡಿ ಪಾಠ ನಡೆಸಿದ್ದಕ್ಕೆ ನಮ್ಮ ಕರ್ನಾಟಕದಲ್ಲೇ ಹಿಂದಿನದೊಂದು ಉದಾಹರಣೆಯಿದೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಅಲ್ಲಿನ ಬಹುವರ್ಗ ಬೋಧನೆ ನೋಡಿಬಂದರು. ಯುನಿಸೆಫ್ ನೆರವಿತ್ತು, ಆದರೂ ಕಾರ್ಡು, ಹಾಡು, ಕಲಿಕಾ ಏಣಿಯನ್ನು ರೂಪಿಸಿದವರು ಆ ಶಿಕ್ಷಕರೇ. ನಲಿ-ಕಲಿ ಬೋಧನಾ ಪದ್ಧತಿ ಹುಟ್ಟಿದ್ದು ಹಾಗೆ. ಏಣಿಯ ಯಾವ ಮೆಟ್ಟಿಲಲ್ಲಿ ಯಾವ ಮಗು ಇದೆ ಎಂಬುದು ಅಲ್ಲಿ ಪಾಠದ ಭಾಗವೇ ಆಗಿತ್ತು.

ಈಗ ಶಿಕ್ಷಕರಿಗೆ ಬೇಕಿರುವುದು ಹೊಸ ನಮೂನೆಗಳಲ್ಲ. ತಿಂಗಳಿಗೊಮ್ಮೆ ತಮ್ಮದೇ ಶಾಲೆಯಲ್ಲಿ, ವೇಳಾಪಟ್ಟಿಯಲ್ಲೇ ಗುರುತಿಸಿದ ಒಂದೂಕಾಲು ಗಂಟೆ. ಮಕ್ಕಳ ನೋಟ್‌ಬುಕ್‌ಗಳನ್ನು ಮುಂದಿಟ್ಟುಕೊಂಡು ಸಹೋದ್ಯೋಗಿಗಳೊಂದಿಗೆ ಮಾತಾಡುವ ಬಿಡುವು. ಶಿಕ್ಷಣ ಇಲಾಖೆಯೂ ಮುಖ್ಯ ಶಿಕ್ಷಕರೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳೂ (ಎಸ್‌ಡಿಎಂಸಿ) ಈ ಬಿಡುವನ್ನು ಶಿಕ್ಷಕರಿಗೆ ಒದಗಿಸಿಕೊಡಬೇಕು.