ಜಿಪ್ಸಿಗೆ ಇಂಜೆಕ್ಷನ್ ಹಾಕಿಸುವ ಮುಂಚೆ ಟ್ಯಾಂಕ್ ನೋಡಿ

ಕಾರ್ಬ್ಯುರೇಟರ್ ಇರೋ ಹಳೇ ಮಾರುತಿ ಜಿಪ್ಸಿಗೆ ಫ್ಯುಯೆಲ್ ಇಂಜೆಕ್ಷನ್ ಹಾಕಿಸ್ತಿದ್ದೀನಿ, ಯಾವ ಪಂಪ್ ತಗೊಳ್ಲಿ ಅಂತ ಕೇಳುಗರೊಬ್ಬರು ಕೇಳಿದ್ದಾರೆ. ಎಲ್ಲರೂ ಇಂಜೆಕ್ಟರ್, ಇಸಿಯು ಅಂತ ತಲೆ ಕೆಡಿಸಿಕೊಳ್ತಾರೆ. ಅಲ್ಲಿವರೆಗೆ ಪೆಟ್ರೋಲ್ ಹೇಗೆ ಬರುತ್ತೆ ಅನ್ನೋದು ಕೊನೆಗೆ ನೆನಪಾಗುತ್ತೆ.

ಕಾರ್ಬ್ಯುರೇಟರ್‌ಗೆ ಕಾಲು ಬಾರ್ ಒತ್ತಡ ಸಾಕು. ಮಲ್ಟಿಪಾಯಿಂಟ್ ಇಂಜೆಕ್ಷನ್‌ಗೆ ಸುಮಾರು 3 ಬಾರ್ ಬೇಕು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕಾರ್ಬ್ಯುರೇಟರ್‌ನ ಫ್ಲೋಟ್ ಬಟ್ಟಲಲ್ಲಿ ಯಾವಾಗಲೂ ಸ್ವಲ್ಪ ಪೆಟ್ರೋಲ್ ಇರುತ್ತೆ. ಪಂಪ್ ಒಂದು ಕ್ಷಣ ಗಾಳಿ ಎಳೆದರೂ ಇಂಜಿನ್‌ಗೆ ಗೊತ್ತಾಗಲ್ಲ. ಇಂಜೆಕ್ಷನ್‌ನಲ್ಲಿ ಆ ಬಟ್ಟಲೇ ಇಲ್ಲ.

ನಾನು ಮೊದಲು ಖರ್ಚು ಉಳಿಸೋಕೆ ಹೋಗಿ, ಟ್ಯಾಂಕಿನ ಹೊರಗೆ ಒಂದೇ ಹೈ ಪ್ರೆಶರ್ ಪಂಪ್ ಕೂರಿಸಿದ್ದೆ. ಊರೊಳಗೆ ಬೆಣ್ಣೆ ಥರ ಓಡ್ತು. ಬಿಸಿಲೆ ಘಾಟಿಯಲ್ಲಿ, ಟ್ಯಾಂಕ್ ಕಾಲು ಭಾಗ ಇದ್ದಾಗ, ಏರು ತಿರುವಿನಲ್ಲಿ ಪೆಟ್ರೋಲ್ ಒಂದು ಮೂಲೆಗೆ ಸರೀತು, ಇಂಜಿನ್ ಬಂದ್. ಹಿಂದೆ ಲಾರಿ. ಎರಡು ಸಲ ತುಳಿಯೋಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಾಗಿತ್ತು.

ಅಂಥ ಪಂಪುಗಳು ತಳ್ಳೋದ್ರಲ್ಲಿ ಗಟ್ಟಿ, ಎಳೆಯೋದ್ರಲ್ಲಿ ಸೋಮಾರಿ. ಪೆಟ್ರೋಲೇ ಅವಕ್ಕೆ ತಂಪು, ಅದೇ ಎಣ್ಣೆ. ಒಣಗಿ ಓಡಿದ್ರೆ ಸುಡುತ್ವೆ. ಹಾಗಾಗಿ ನನ್ನ ಮೊದಲ ಆಯ್ಕೆ ಟ್ಯಾಂಕ್ ಒಳಗಿನ ಪಂಪ್. 2000ದಿಂದ ಜಿಪ್ಸಿಯೇ ಎಂಪಿಎಫ್‌ಐ ಆಗಿ ಬಂತಲ್ಲ, ಆ ಗಾಡಿಯ ಟ್ಯಾಂಕ್ ಗುಜರಿಯಲ್ಲಿ ಸಿಕ್ಕರೆ, ತುಕ್ಕಿಲ್ಲದಿದ್ರೆ, ನಿಮ್ಮ ಗಾಡಿಗೆ ಕೂರುತ್ತಾ ಅಂತ ಅಳತೆ ಮಾಡಿ ನೋಡಿ.

ಸಿಗಲಿಲ್ವಾ? ಒಂದೆರಡು ಲೀಟರ್‌ನ ಸರ್ಜ್ ಟ್ಯಾಂಕ್ ಹಾಕಿ. ಕಡಿಮೆ ಒತ್ತಡದ ಪಂಪ್ ಅದನ್ನ ತುಂಬ್ತಾ ಇರುತ್ತೆ, ಹೈ ಪ್ರೆಶರ್ ಪಂಪ್ ಅದರ ತಳದಿಂದ ಎಳೆಯುತ್ತೆ. ಒಂಥರಾ ದೊಡ್ಡ ಫ್ಲೋಟ್ ಬಟ್ಟಲೇ. ಜಾಯಿಂಟ್‌ಗಳು ಜಾಸ್ತಿ ಆಗ್ತವೆ, ಅದನ್ನ ಮಾತ್ರ ಗಾಡಿಯ ಒಳಗೆ, ಸೀಟಿನ ಹಿಂದೆ ಕೂರಿಸಬೇಡಿ.

ಹಳೇ ರಬ್ಬರ್ ಪೈಪ್ ಪೂರ್ತಿ ಕಿತ್ತುಹಾಕಿ. 3 ಬಾರ್ ಅದು ತಡೆಯಲ್ಲ. ಈಗಿನ ಇ20 ಪೆಟ್ರೋಲ್‌ಗೂ ಹಳೇ ರಬ್ಬರ್ ಆಗಿಬರಲ್ಲ. ಇಂಜಿನ್ ನಿಂತ ಕೂಡ್ಲೇ ಪಂಪ್ ನಿಲ್ಲೋ ಹಾಗೆ ಇಸಿಯುನಿಂದಲೇ ರಿಲೇಗೆ ವೈರ್ ಕೊಡಿಸಿ. ನೇರ ಕೀಗೆ ಕೊಟ್ಟರೆ, ಗಾಡಿ ಪಲ್ಟಿಯಾದ್ರೂ ಪಂಪ್ ಪೆಟ್ರೋಲ್ ಚಿಮ್ಮುತ್ಲೇ ಇರುತ್ತೆ. ಆರ್‌ಟಿಒ ಅನುಮತಿ ಕೆಲಸ ಶುರು ಮಾಡೋ ಮುಂಚೆಯೇ ವಿಚಾರಿಸಿ.

ಮೊದಲ ದಿನ ಸ್ಟಾರ್ಟ್ ಮಾಡೋ ಆತುರ ಬೇಡ. ಬರೀ ಪಂಪ್ ಓಡಿಸಿ, ಟಾರ್ಚ್ ಹಿಡಿದು ಒಂದೊಂದು ಜಾಯಿಂಟ್ ನೋಡಿ, ಬೆರಳಿಟ್ಟು ಒದ್ದೆ ಇದೆಯಾ ಮುಟ್ಟಿ ನೋಡಿ.