ಶೃಂಗಾರದ ಮಾತು ಯಾರದು?

ಕಾಮದ ಬಗ್ಗೆ ನಮ್ಮ ಧೋರಣೆ ಹೇಗೆ ಬದಲಾಯಿತು ಎಂದು ಕೇಳಿದರೆ ಸಿದ್ಧವಾದ ಉತ್ತರವೊಂದು ಕೂಡಲೇ ಬರುತ್ತದೆ. ಹಿಂದೆ ನಾವು ಮುಕ್ತರಾಗಿದ್ದೆವು, ಗುಡಿಯ ಗೋಡೆಯ ಮೇಲೂ ಮಿಥುನ ಶಿಲ್ಪ ಕಡೆದವರು ನಾವು, ಇಂಗ್ಲಿಷರು ಬಂದು ನಾಚಿಕೆ ಕಲಿಸಿದರು ಎನ್ನುವುದೇ ಆ ಉತ್ತರ. ಇದರಲ್ಲಿ ಸತ್ಯದ ಒಂದು ಪಾಲಿದೆ, ಆದರೆ ಮುಖ್ಯವಾದ ಪಾಲೇ ಇಲ್ಲ. ಕಾಮದ ಬಗ್ಗೆ ಏನು ಹೇಳಬಹುದು ಎನ್ನುವುದಕ್ಕಿಂತ ಯಾರು ಹೇಳಬಹುದು ಎನ್ನುವುದರ ಮೇಲೆಯೇ ನಮ್ಮ ಸಮಾಜ ಹೆಚ್ಚು ಕಾವಲು ಕಾದಿದೆ ಎಂಬುದು ನನ್ನ ವಾದ. ಇದಕ್ಕೆ ಒಂದೇ ಒಂದು ಪುಸ್ತಕದ ಕಥೆಯನ್ನು ಆಧಾರವಾಗಿಟ್ಟುಕೊಳ್ಳುತ್ತೇನೆ. ಪುಸ್ತಕ ತೆಲುಗಿನದು, ಬರೆದದ್ದು ತಂಜಾವೂರಿನಲ್ಲಿ. ಅದನ್ನು ಮರಳಿ ಬೆಳಕಿಗೆ ತಂದ ಬೆಂಗಳೂರು ನಾಗರತ್ನಮ್ಮ ಮಾತ್ರ ನಂಜನಗೂಡಿನಲ್ಲಿ ಹುಟ್ಟಿದವರು.

ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹ ಆಳಿದ್ದು 1739ರಿಂದ 1763ರವರೆಗೆ. ಅವನ ಆಸ್ಥಾನದ ಗಣಿಕೆ ಮುದ್ದುಪಳನಿ ‘ರಾಧಿಕಾ ಸಾಂತ್ವನಮು’ ಎಂಬ ಶೃಂಗಾರ ಪ್ರಬಂಧವನ್ನು ರಚಿಸಿದಳು. ಅದರಲ್ಲಿ ತಾನು ಸಾಕಿ ಬೆಳೆಸಿದ ಇಳೆ ಎಂಬ ಹುಡುಗಿಯನ್ನು ರಾಧೆ ತಾನೇ ಮುಂದೆ ನಿಂತು ಕೃಷ್ಣನಿಗೆ ಕೊಟ್ಟು ಮದುವೆ ಮಾಡಿಸುತ್ತಾಳೆ. ಮೊದಲ ರಾತ್ರಿಗೆ ಮುನ್ನ ಹುಡುಗಿಗೂ ಬುದ್ಧಿ ಹೇಳುತ್ತಾಳೆ, ಎಳೆಯ ಹೆಣ್ಣಿನ ಜೊತೆ ಮೃದುವಾಗಿ ನಡೆದುಕೋ ಎಂದು ಕೃಷ್ಣನಿಗೂ ತಾಕೀತು ಮಾಡುತ್ತಾಳೆ. ಆಮೇಲೆ ಅವಳನ್ನೇ ವಿರಹ, ಮತ್ಸರ ಸುಡುತ್ತವೆ. ಕೊನೆಗೆ ಕೃಷ್ಣನೇ ಬಂದು ಅವಳನ್ನು ಸಮಾಧಾನಪಡಿಸಬೇಕಾಗುತ್ತದೆ. ಶೃಂಗಾರ ಕಾವ್ಯದಲ್ಲಿ ಹೆಣ್ಣಿನ ದೇಹದ ವರ್ಣನೆ ಹೊಸದಲ್ಲ. ಇಲ್ಲಿ ಹೊಸದೆಂದರೆ ಹೆಣ್ಣು ತನ್ನ ಬಯಕೆಯನ್ನು ತಾನೇ ನುಡಿಯುವುದು, ಗಂಡು ಹೇಗೆ ನಡೆದುಕೊಳ್ಳಬೇಕೆಂದು ಗೊತ್ತುಪಡಿಸುವುದು. ಕವಯಿತ್ರಿಯೂ ಪೀಠಿಕೆಯಲ್ಲಿ ತನ್ನ ರೂಪ, ವಿದ್ಯೆ, ಕೀರ್ತಿಗಳನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾಳೆ.

ನೂರು ವರ್ಷಗಳ ಮೇಲೆ ಈ ಕಾವ್ಯ ಅಚ್ಚಾದಾಗ ಕೆಲವು ಪದ್ಯಗಳನ್ನೂ ಪೀಠಿಕೆಯ ಭಾಗವನ್ನೂ ಬಿಟ್ಟೇ ಅಚ್ಚು ಹಾಕಿದರು. ಆಂಧ್ರದ ದೊಡ್ಡ ಸುಧಾರಕ ಕಂದುಕೂರಿ ವೀರೇಶಲಿಂಗಂ ತಮ್ಮ ಕವಿಚರಿತ್ರೆಯಲ್ಲಿ ಮುದ್ದುಪಳನಿಯನ್ನು ಕಟುವಾಗಿ ಜರೆದರು. ಹೆಂಗಸು ಕೇಳಲೂ ಬಾರದ ಸಂಗತಿಗಳು ಹೆಂಗಸಿನ ಬಾಯಿಂದಲೇ ಬಂದಿವೆ ಎಂಬುದು ಅವರ ಆಕ್ಷೇಪ. ಬೆಂಗಳೂರು ನಾಗರತ್ನಮ್ಮ ಈ ಮುದ್ರಣದಿಂದ ತೃಪ್ತರಾಗಲಿಲ್ಲ. ಹಸ್ತಪ್ರತಿ ಹುಡುಕಿ ತರಿಸಿ, ಪಾಠ ಹೋಲಿಸಿ, ಪೂರ್ಣ ಕಾವ್ಯವನ್ನು 1910ರಲ್ಲಿ ಮದರಾಸಿನ ವಾವಿಳ್ಳ ಸಂಸ್ಥೆಯಿಂದ ಪ್ರಕಟಿಸಿದರು. ಮುನ್ನುಡಿಯಲ್ಲಿ ವೀರೇಶಲಿಂಗಂ ಅವರಿಗೆ ನೇರವಾಗಿಯೇ ಉತ್ತರ ಕೊಟ್ಟರು. ಮರ್ಯಾದೆ, ನಾಚಿಕೆ ಹೆಂಗಸರಿಗೆ ಮಾತ್ರವೇ, ಗಂಡಸರಿಗಿಲ್ಲವೇ ಎಂದು ಕೇಳಿದರು. ವೀರೇಶಲಿಂಗಂ ತಾವೇ ಪರಿಷ್ಕರಿಸಿ ಮೆಚ್ಚಿದ ‘ವೈಜಯಂತೀವಿಲಾಸಮು’ ಇದಕ್ಕಿಂತ ಯಾವ ವಿಧದಲ್ಲಿ ಶುದ್ಧ ಎಂದೂ ಕೇಳಿದರು. ಆ ಕಾವ್ಯವನ್ನು ಬರೆದವನು ಗಂಡಸು. ನಮ್ಮ ಭಾಷೆಗಳ ಗ್ರಂಥಸಂಪಾದನೆಯ ಇತಿಹಾಸದಲ್ಲಿ ಇಷ್ಟು ದಿಟ್ಟವಾದ, ಇಷ್ಟು ಖಚಿತವಾದ ವಾದ ಅಪರೂಪ. 1911ರಲ್ಲಿ ಪೊಲೀಸರು ಪ್ರತಿಗಳನ್ನು ವಶಪಡಿಸಿಕೊಂಡರು, ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಆ ನಿಷೇಧ ತೆರವಾದದ್ದು ಟಂಗುಟೂರಿ ಪ್ರಕಾಶಂ ಮದರಾಸಿನ ಪ್ರಧಾನಿಯಾದ ಮೇಲೆ.

ಇದೆಲ್ಲ ಇಂಗ್ಲಿಷರ ಕಾನೂನಿನ ಕೆಲಸವಲ್ಲವೇ ಎಂಬ ಪ್ರಶ್ನೆ ಸಹಜ. ಅಶ್ಲೀಲ ಪುಸ್ತಕ ಮಾರುವುದನ್ನು ಅಪರಾಧವೆಂದ 292ನೆಯ ಕಲಮು 1860ರ ದಂಡ ಸಂಹಿತೆಯದು, ನಿಜ. ದುರ್ಬಲ ಮನಸ್ಸನ್ನು ಕೆಡಿಸುವಂಥದೆಲ್ಲ ಅಶ್ಲೀಲ ಎಂಬ ಅಳತೆಗೋಲು 1868ರ ಇಂಗ್ಲೆಂಡಿನ ತೀರ್ಪಿನದು. ಆದರೆ ತೆಲುಗು ಪದ್ಯದ ಅರ್ಥ ಬಿಡಿಸಿ ಹೇಳಲು ಸರ್ಕಾರಕ್ಕೆ ನಮ್ಮವರೇ ಬೇಕಾಗಿತ್ತು, ನಮ್ಮವರೇ ಹೇಳಿದರು. ಸ್ವಾತಂತ್ರ್ಯ ಬಂದ ಮೇಲೂ, 1964ರಲ್ಲಿ, ಇಂಗ್ಲಿಷ್ ಲೇಖಕ ಲಾರೆನ್ಸನ ಕಾದಂಬರಿಯ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಅದೇ ಅಳತೆಗೋಲನ್ನು ಎತ್ತಿಹಿಡಿಯಿತು. ಅದನ್ನು ಕೈಬಿಟ್ಟದ್ದು 2014ರಲ್ಲಿ. ಅಷ್ಟು ಕಾಲ ಉಳಿಸಿಕೊಂಡ ನಾಚಿಕೆಯನ್ನು ಹೊರಗಿನವರ ಹೇರಿಕೆ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ.

ಹಾಗೆಂದು ಹಿಂದಿನ ಕಾಲ ಮುಕ್ತವಾಗಿತ್ತೇ? ಹನ್ನೊಂದನೆಯ ಶತಮಾನದಲ್ಲೇ ಕನ್ನಡದಲ್ಲಿ ಚಂದ್ರರಾಜ ‘ಮದನತಿಲಕ’ ಎಂಬ ಕಾಮಶಾಸ್ತ್ರ ಬರೆದ. 1209ರಲ್ಲಿ ಜನ್ನ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿಗೆ ಕುರೂಪಿ ಮಾವುತನ ಮೇಲೆ ಹುಟ್ಟಿದ ಮೋಹವನ್ನು ಅಚ್ಚರಿಯಾಗುವಷ್ಟು ಒಳಹೊಕ್ಕು ಚಿತ್ರಿಸಿದ. ಆ ಕಾವ್ಯವನ್ನು ಇಂದಿಗೂ ತರಗತಿಯಲ್ಲಿ ಪಾಠ ಹೇಳುತ್ತೇವೆ, ಯಾರಿಗೂ ಮುಜುಗರವಿಲ್ಲ. ಏಕೆಂದರೆ ಅಲ್ಲಿ ಹೆಣ್ಣಿನ ಬಯಕೆಯನ್ನು ಹೇಳುತ್ತಿರುವವನು ಗಂಡು. ಕೊನೆಗೆ ಅವಳಿಗೆ ನರಕವೂ ಕಾದಿದೆ. ಇನ್ನು ಹೆಣ್ಣೇ ಬರೆದದ್ದನ್ನು ನೋಡಿ. ಮುದ್ದುಪಳನಿಗಿಂತ ಎರಡು ಮೂರು ತಲೆಮಾರು ಹಿಂದೆ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು. ಪ್ರತಿಭೆಯಲ್ಲಿ ಅವಳು ಯಾರಿಗೂ ಕಡಿಮೆಯಲ್ಲ. ಹೆಣ್ಣನ್ನು ಹೀಗಳೆಯುವವರನ್ನು ಹೆತ್ತವಳೂ ಹೆಣ್ಣೇ ಎಂದು ನೆನಪಿಸುವ ಧೈರ್ಯವೂ ಅವಳಿಗಿತ್ತು. ಆದರೂ ಅವಳಿಗೆ ಒಪ್ಪಿಸಿದ ವಿಷಯ ಪತಿವ್ರತೆಯ ನಡತೆ. ಗೃಹಿಣಿಗೆ ಧರ್ಮದ ಮಾತು, ಗಣಿಕೆಗೆ ಕಾಮದ ಮಾತು ಎಂದು ಸಮಾಜ ಮೊದಲೇ ಪಾಲು ಹಂಚಿಟ್ಟಿತ್ತು. ಹತ್ತೊಂಬತ್ತನೆಯ ಶತಮಾನ ಮಾಡಿದ್ದು ಇಷ್ಟು: ಗಣಿಕೆಯ ಪಾಲನ್ನೂ ಕಿತ್ತುಕೊಂಡು, ಗೃಹಿಣಿಗೂ ಕೊಡದೆ, ಬೀಗ ಹಾಕಿತು.

ನನ್ನ ವಾದಕ್ಕೆ ಇನ್ನೂ ಗಂಭೀರವಾದ ಆಕ್ಷೇಪವೊಂದಿದೆ. ಗಣಿಕೆಯರ ಬದುಕಿಗೆ ಬೆಸೆದುಕೊಂಡಿದ್ದ ದೇವದಾಸಿ ಪದ್ಧತಿ ಎಳೆಯ ಹೆಣ್ಣುಮಕ್ಕಳ ಶೋಷಣೆಯಾಗಿತ್ತು, ಅದನ್ನು ವಿರೋಧಿಸಿದವರನ್ನು ಮಡಿವಂತರೆಂದು ಹಳಿಯುವುದು ಅನ್ಯಾಯ ಎಂಬ ಮಾತು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. 1881ರಲ್ಲಿ ವಿಧವಾ ವಿವಾಹ ಮಾಡಿಸಿದ ವೀರೇಶಲಿಂಗಂ ಅವರ ಧೈರ್ಯ ದೊಡ್ಡದು. ಮುತ್ತುಲಕ್ಷ್ಮಿ ರೆಡ್ಡಿಯವರ ಹೋರಾಟದ ಫಲವಾಗಿ 1947ರಲ್ಲಿ ಮದರಾಸಿನಲ್ಲಿ ಬಂದ, ಆ ಪದ್ಧತಿಯನ್ನು ತಡೆಯುವ ಕಾನೂನು ಬೇಕೇ ಬೇಕಾಗಿತ್ತು. ಅಂಥ ಕಾನೂನನ್ನು ನಾಗರತ್ನಮ್ಮ ವಿರೋಧಿಸಿದ್ದರು. ಆ ಮಾತಿನಲ್ಲಿ ನಾನು ಅವರ ಪಕ್ಷ ವಹಿಸುವುದಿಲ್ಲ. ಆದರೆ ಮಗುವನ್ನು ದೇವರ ಹೆಸರಲ್ಲಿ ಬಿಡುವುದನ್ನು ತಡೆಯುವುದು ಒಂದು, ಬೆಳೆದ ಹೆಣ್ಣು ಬರೆದ ಕಾವ್ಯವನ್ನು ಕತ್ತರಿಸುವುದು ಇನ್ನೊಂದು. ಮೊದಲನೆಯದರಿಂದ ಹೆಣ್ಣಿಗೆ ರಕ್ಷಣೆ ಸಿಕ್ಕಿತು. ಎರಡನೆಯದರಿಂದ ಅವಳ ವಿದ್ಯೆಗೆ ಇದ್ದ ಸಾಕ್ಷಿಯೇ ಅಳಿಸಿಹೋಗುತ್ತಿತ್ತು. ಅಚ್ಚಿನ ಪುಸ್ತಕ ಆಸ್ಥಾನದ ಓಲೆಗರಿಯಂತಲ್ಲ, ಮಕ್ಕಳ ಕೈಗೂ ಸಿಗುತ್ತದೆ ಎನ್ನುವವರೂ ಇದ್ದರು. ಆ ಆತಂಕ ಸುಳ್ಳಲ್ಲ. ಗಂಡಸರು ಬರೆದ ಕೆಲವು ಶೃಂಗಾರ ಕಾವ್ಯಗಳಿಗೂ ಪೊಲೀಸರ ಕಾಟ ತಪ್ಪಲಿಲ್ಲ. ಆದರೆ ಆ ಕವಿಗಳ ಶೀಲವನ್ನು ಯಾರೂ ವಿಚಾರಣೆಗೆ ಎಳೆಯಲಿಲ್ಲ. ಮುದ್ದುಪಳನಿಯ ವಿಷಯದಲ್ಲಿ ಮಾತ್ರ ಕಾವ್ಯಕ್ಕಿಂತ ಮೊದಲು ಕವಯಿತ್ರಿಯ ನಡತೆಗೆ ತೀರ್ಪು ಬಿತ್ತು.

ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ, ಸಾಹಿತ್ಯ ಪರಿಷತ್ತಿನಲ್ಲಿ ಗ್ರಂಥಸಂಪಾದನೆ ಮಾಡುವವರಿಗೆ ನನ್ನದೊಂದು ಕೇಳಿಕೆ. ಹಳೆಯ ಕಾವ್ಯಗಳನ್ನು ಅಚ್ಚಿಗೆ ಕೊಡುವಾಗ ಶೃಂಗಾರದ ಪದ್ಯಗಳನ್ನು ಸಭ್ಯತೆಯ ಹೆಸರಿನಲ್ಲಿ ಬಿಡಬೇಡಿ. ಹಿಂದಿನವರು ಬಿಟ್ಟಿದ್ದರೆ ಹಸ್ತಪ್ರತಿ ತೆರೆದು ಮರಳಿ ಸೇರಿಸಿ. ಜನ್ನನ ಅಮೃತಮತಿಯನ್ನು ಪಾಠ ಮಾಡುವ ತರಗತಿಯಲ್ಲಿ ಹೊನ್ನಮ್ಮನನ್ನೂ ಮುದ್ದುಪಳನಿಯನ್ನೂ ಜೊತೆಗಿಟ್ಟು ಓದಿಸಿ.