ಒಂದೂವರೆ ಎಕರೆಯ ಚುಕ್ಕಿ: ಪಹಣಿ ಕಂಪ್ಯೂಟರ್ ಸೇರುವ ಮುಂಚಿನ ಕಥೆ

ಪರದೆ ಮೇಲೆ ಒಂದು ಪಹಣಿ ಇದೆ, ನೋಡಿ. ವಿಸ್ತೀರ್ಣದ ಕಾಲಂನಲ್ಲಿ 1.20 ಅಂತ ಬರೆದಿದೆ. ಎಷ್ಟು ಜಮೀನು?

ಶಾಲೆಯ ಗಣಿತ ನೆನಪಿರುವವರು ಒಂದೂಕಾಲು ಎಕರೆಗೆ ಸ್ವಲ್ಪ ಕಮ್ಮಿ ಅಂತಾರೆ. ಮದ್ದೂರು ಕಡೆಯ ರೈತರನ್ನು ಕೇಳಿ, ಒಂದೂವರೆ ಎಕರೆ ಅಂತಾರೆ. ರೈತರೇ ಸರಿ. ಚುಕ್ಕಿಯ ಈಚೆಗಿರುವುದು ಗುಂಟೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ.

ಈಗ ಈ ಜಮೀನನ್ನು ಅಣ್ಣತಮ್ಮಂದಿರಿಬ್ಬರಿಗೆ ಸಮಪಾಲು ಮಾಡಿ. ತಲಾ 30 ಗುಂಟೆ ಬರಬೇಕು. ಚುಕ್ಕಿಯನ್ನು ದಶಮಾಂಶ ಅಂತ ನಂಬಿ ಯಾರಾದರೂ ಪ್ರೋಗ್ರಾಂ ಬರೆದಿದ್ದರೆ ಉತ್ತರ 0.60. ಅದನ್ನು ಪಹಣಿಯ ರೀತಿಯಲ್ಲಿ ಓದಿದರೆ 60 ಗುಂಟೆ, ಅಂದರೆ ತಲಾ ಒಂದೂವರೆ ಎಕರೆ. ಅಪ್ಪನ ಜಮೀನು ಪಾಲಾಗುತ್ತಲೇ ಎರಡರಷ್ಟು ಬೆಳೆದುಬಿಡ್ತು!

ಇಂಥ ತಪ್ಪನ್ನು ಕೋಡ್ ಬರೆದಮೇಲೆ ಹುಡುಕಿ ತಿದ್ದೋದು ಕಷ್ಟ. ಮೊದಲೇ ಕೂತು, ಯಾವ ಮಾಹಿತಿ, ಯಾವ ರೂಪದಲ್ಲಿ, ಎಲ್ಲಿ ಇರಬೇಕು, ಯಾರು ಬದಲಾಯಿಸಬಹುದು ಅಂತ ನಿರ್ಧರಿಸಬೇಕು. ಸಾಫ್ಟ್‌ವೇರಿನವರು ಇದನ್ನು ಆರ್ಕಿಟೆಕ್ಚರ್ ಅಂತಾರೆ. ಗಾರೆ ಕೆಲಸದವರ ಮಾತಿನಲ್ಲಿ ಪಾಯ. ನಮ್ಮ ರಾಜ್ಯದಲ್ಲಿ ಈ ಪಾಯದ ಪಾಠ ಕಲಿಸಿದ ಸಾಫ್ಟ್‌ವೇರಿನ ಹೆಸರು ‘ಭೂಮಿ’. ಅದರ ಮೊದಲ ಪ್ರಯತ್ನ ಎಡವಿದ್ದು ಹೇಗೆ ಅನ್ನುವುದೇ ಈ ಕಥೆಯ ಸ್ವಾರಸ್ಯ.

ಹಿಂದೆ ಊರಿನ ಜಮೀನಿನ ಲೆಕ್ಕ ಶಾನುಭೋಗರ ಕೈಲಿತ್ತು. ಅಪ್ಪನಿಂದ ಮಗನಿಗೆ ಬರುತ್ತಿದ್ದ ಆ ಹುದ್ದೆಗಳನ್ನು ತೆಗೆದುಹಾಕಲು 1961ರಲ್ಲಿ ಕಾಯ್ದೆ ಬಂತು. ಅವರ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು. ರಾಜ್ಯಕ್ಕೆ ಸುಮಾರು 9,000 ಮಂದಿ, ಒಬ್ಬೊಬ್ಬರಿಗೆ ಮೂರು ನಾಲ್ಕು ಊರು. ಪಹಣಿ ಬೇಕೆಂದರೆ ಅವರನ್ನೇ ಹುಡುಕಬೇಕು. ಅವರು ಸಿಕ್ಕಿದ ದಿನ ಪುಸ್ತಕ ಸಿಗಲ್ಲ, ಪುಸ್ತಕ ಸಿಕ್ಕಿದ ದಿನ ಅವರಿಗೆ ಪುರುಸೊತ್ತಿಲ್ಲ. ಕೈ ಬಿಸಿ ಮಾಡದೆ ಕೆಲಸ ಆಗಲ್ಲ ಅನ್ನೋದು ಮನೆಮಾತಾಗಿತ್ತು.

1988–89ರಲ್ಲಿ ಕೇಂದ್ರ ಸರ್ಕಾರ ಭೂದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಯೋಜನೆಯನ್ನು ದೇಶದ 8 ಜಿಲ್ಲೆಗಳಲ್ಲಿ ಶುರುಮಾಡಿತು. ಮುಂದೆ ಕರ್ನಾಟಕದಲ್ಲೂ, ಆಗಿನ ಗುಲ್ಬರ್ಗ ಜಿಲ್ಲೆಯಲ್ಲಿ, ಪ್ರಯೋಗ ನಡೆಯಿತು. ಕಂಪ್ಯೂಟರ್ ಇಟ್ಟದ್ದು ಜಿಲ್ಲಾ ಕೇಂದ್ರದಲ್ಲಿ. ಆದರೆ ಖಾತೆ ಬದಲಾಗುವುದು ತಾಲ್ಲೂಕಿನಲ್ಲಿ. ಕಂದಾಯ ನಿರೀಕ್ಷಕರು ಸಹಿ ಹಾಕಿದಾಗ, ಗ್ರಾಮ ಲೆಕ್ಕಿಗರು ಪುಸ್ತಕದಲ್ಲಿ ಹೆಸರು ಹೊಡೆದು ಹೊಸ ಹೆಸರು ಬರೆದಾಗ. ಹೀಗಾಗಿ ಟೈಪು ಮಾಡಿದ ದಾಖಲೆ ಮಾರನೇ ದಿನದಿಂದಲೇ ಹಳತಾಗತೊಡಗಿತು. ಅಲ್ಲಿ ಕೈಕೊಟ್ಟದ್ದು ಯಂತ್ರವಲ್ಲ, ಯಂತ್ರಕ್ಕೆ ಆರಿಸಿದ ಜಾಗ.

ಸಾಫ್ಟ್‌ವೇರ್ ಯಾಕೆ ಎಡವುತ್ತೆ ಅನ್ನುವುದರ ಮೇಲೆ ಹೊರದೇಶಗಳಲ್ಲಿ 20 ವರ್ಷ ಮೊದಲೇ ಚರ್ಚೆ ನಡೆದಿತ್ತು. 1968ರಲ್ಲಿ ಜರ್ಮನಿಯ ಗಾರ್ಮಿಶ್ ಊರಿನಲ್ಲಿ ತಜ್ಞರು ಸೇರಿ, ಸಾಫ್ಟ್‌ವೇರ್ ಹೇಳಿದ ಹೊತ್ತಿಗೆ ಮುಗಿಯೋದಿಲ್ಲ, ಮುಗಿದರೂ ನಂಬೋಹಾಗಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದರು. ಅದೇ ವರ್ಷ ಮೆಲ್ವಿನ್ ಕಾನ್ವೇ ಎಂಬಾತ ಒಂದು ಲೇಖನ ಬರೆದ. ಒಂದು ಸಂಸ್ಥೆಯೊಳಗೆ ಯಾರು ಯಾರ ಹತ್ತಿರ ಮಾತಾಡ್ತಾರೋ, ಆ ಸಂಸ್ಥೆ ಕಟ್ಟುವ ವ್ಯವಸ್ಥೆಯ ಆಕಾರವೂ ಹಾಗೇ ಇರುತ್ತೆ ಅನ್ನುವುದು ಅದರ ತಿರುಳು. ಗುಲ್ಬರ್ಗದ ಪ್ರಯೋಗಕ್ಕೆ ಇದನ್ನು ಹಿಡಿದು ನೋಡಿ: ಆದೇಶ ದೆಹಲಿಯಿಂದ ಜಿಲ್ಲೆಗೆ ಬಂತು, ಕಂಪ್ಯೂಟರೂ ಅಲ್ಲೇ ನಿಂತಿತು.

ಮುಂದೆ 1999ರಲ್ಲಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದರು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರು, ಆ ಚುನಾವಣೆಯಲ್ಲಿ ಮದ್ದೂರಿನಿಂದಲೇ ಗೆದ್ದವರು. ಅವರ ಕಾಲದಲ್ಲಿ ಕಂದಾಯ ಇಲಾಖೆಯ ಅಧಿಕಾರಿ ರಾಜೀವ್ ಚಾವ್ಲಾ ‘ಭೂಮಿ’ಗೆ ಮುಂದೆ ನಿಂತರು, ಸಾಫ್ಟ್‌ವೇರ್ ಬರೆದದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ. ಈ ಸಲ ಕಂಪ್ಯೂಟರ್ ತಾಲ್ಲೂಕು ಕಚೇರಿಗೇ ಬಂತು. ರಾಜ್ಯದ ಆಗಿನ 177 ತಾಲ್ಲೂಕುಗಳಿಗೂ. ಸುಮಾರು 2 ಕೋಟಿ ದಾಖಲೆ, 67 ಲಕ್ಷ ರೈತರು.

ಆಗ ಮಾಡಿದ ನಿರ್ಧಾರಗಳಲ್ಲಿ ನನಗೆ ಬಹಳ ಹಿಡಿಸಿದ್ದು, ಕೋಡಿಗೆ ಸಂಬಂಧವೇ ಇಲ್ಲ ಅನ್ನಿಸುವಂಥವು. ಕಂಪ್ಯೂಟರ್ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲ ಅಂತ ಸರ್ಕಾರವೇ ಹೊರಡಿಸಿದ ಆದೇಶ ಅದರಲ್ಲೊಂದು. ಎರಡೂ ಇದ್ದಿದ್ದರೆ ಜನ, ಅಧಿಕಾರಿಗಳು ಇಬ್ಬರೂ ಹಳೆ ಪುಸ್ತಕಕ್ಕೇ ಜೋತುಬೀಳುತ್ತಿದ್ದರು. ಖಾತೆ ಬದಲಾವಣೆ ಅರ್ಜಿಗಳು ಬಂದ ಸರದಿಯಲ್ಲೇ ಇತ್ಯರ್ಥವಾಗಬೇಕು ಅನ್ನುವ ನಿಯಮ ಇನ್ನೊಂದು. ನಿಮ್ಮ ಅರ್ಜಿ ನನ್ನ ಅರ್ಜಿಯ ಮುಂದೆ ಹಾರುವ ಹಾಗಿಲ್ಲ. ಸರದಿಯನ್ನು ಯಂತ್ರವೇ ಕಾಯುವಾಗ, ಮೇಜಿನ ಕೆಳಗಿಂದ ಫೈಲು ಮೇಲೆ ತರೋದಕ್ಕೆ ಕಾರಣವೇ ಉಳಿಯಲ್ಲ. ಅಧಿಕಾರಿ ಸಾಫ್ಟ್‌ವೇರಿನ ಒಳಗೆ ಹೋಗಬೇಕಾದರೆ ಬೆರಳಚ್ಚು ಒತ್ತಬೇಕು. ನಾನು ಮಾಡಿಲ್ಲ, ಯಾರೋ ನನ್ನ ಪಾಸ್‌ವರ್ಡ್ ಹಾಕಿದ್ದಾರೆ ಅನ್ನುವ ನೆಪಕ್ಕೆ ಅಲ್ಲೇ ಬೀಗ. ಕೌಂಟರಿನಲ್ಲಿ ರೈತರ ಕಡೆ ಮುಖ ಮಾಡಿದ ಎರಡನೇ ಪರದೆ. ಪಹಣಿಗೆ ಆಗ 15 ರೂಪಾಯಿ.

ಟೈಪು ಮಾಡುವ ಕೆಲಸಕ್ಕಿಂತ ಅದನ್ನು ಸರಿನೋಡುವ ಕೆಲಸ ದೊಡ್ಡದಾಗಿತ್ತು. ಕಾಲಂ 9ರಲ್ಲಿ ಕಬ್ಜೇದಾರರ ಹೆಸರು, 11ರಲ್ಲಿ ಸಾಲ ಮತ್ತು ಹಕ್ಕು, 12ರಲ್ಲಿ ಉಳುವವರು ಮತ್ತು ಬೆಳೆ. ಹಳೆ ಪುಸ್ತಕದ ಶಾಯಿ ಮಾಸಿದ ಬರಹವನ್ನು ಓದಬಲ್ಲವರು ಗ್ರಾಮ ಲೆಕ್ಕಿಗರು ಮಾತ್ರ. ಯಾರ ಹಿಡಿತ ಸಡಿಲಿಸಲು ಸಾಫ್ಟ್‌ವೇರ್ ಬಂತೋ, ಅವರ ಕಣ್ಣೇ ಅದಕ್ಕೆ ಬೇಕಾಯಿತು!

1972ರಲ್ಲಿ ಡೇವಿಡ್ ಪಾರ್ನಸ್ ಎಂಬ ತಜ್ಞ ಸಾಫ್ಟ್‌ವೇರ್ ಕಟ್ಟುವುದಕ್ಕೆ ಒಂದು ಸೂತ್ರ ಹೇಳಿದ್ದ. ಮುಂದೆ ಬದಲಾಗಬಹುದು ಅನ್ನಿಸುವ ಪ್ರತಿ ನಿರ್ಧಾರವನ್ನೂ ಒಂದೊಂದು ಕೋಣೆಯೊಳಗೆ ಮುಚ್ಚಿಡಿ, ಆ ಕೋಣೆ ಕೆಡವಿದರೂ ಮನೆ ಅಲ್ಲಾಡಬಾರದು. ಹಾಗೆಯೇ ಭೂಮಿಯ ಪಕ್ಕಕ್ಕೆ ನೋಂದಣಿಗೆ ‘ಕಾವೇರಿ’, ಅಳತೆಗೆ ‘ಮೋಜಿಣಿ’ ಬೇರೆ ಬೇರೆಯಾಗಿ ಹುಟ್ಟಿದವು. ಆಮೇಲೆ ಒಂದಕ್ಕೊಂದು ಬಾಗಿಲು ಕೊರೆದರು. ಉಪನೋಂದಣಿ ಕಚೇರಿಯಲ್ಲಿ ಕ್ರಯ ನೋಂದಾಯಿಸಿದರೆ ಖಾತೆ ಬದಲಾವಣೆಯ ಸುದ್ದಿ ತಾಲ್ಲೂಕಿಗೆ ತಾನಾಗಿಯೇ ಹೋಗುತ್ತೆ. ಪಹಣಿಯೂ ತಾಲ್ಲೂಕು ಬಿಟ್ಟು ಹೋಬಳಿಯ ನಾಡಕಚೇರಿಗೆ ಇಳಿಯಿತು. ಕೊಪ್ಪ, ಆತಗೂರು, ಚಿಕ್ಕರಸಿನಕೆರೆ ಕಡೆಯವರಿಗೆ ಅದಕ್ಕಾಗಿ ಮದ್ದೂರು ಬಸ್ಸು ಕಾಯುವುದು ತಪ್ಪಿತು.

ಟೀಕೆಯೂ ಬಂತು. 2007ರಲ್ಲಿ ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಜೊತೆಗಾರರು, ದಾಖಲೆ ಒಂದೆಡೆ ಸೇರಿ ಸಲೀಸಾದಷ್ಟೂ ಬೆಂಗಳೂರಿನ ಸುತ್ತ ದೊಡ್ಡ ಕುಳಗಳಿಗೇ ಅನುಕೂಲ ಅಂತ ವಾದಿಸಿದರು. ತೆಗೆದುಹಾಕುವ ಮಾತಲ್ಲ ಅದು. ಬಾಯಿಮಾತಿನ ಗೇಣಿ, ಅಕ್ಕಪಕ್ಕದವರ ಒಪ್ಪಂದ, ಹೆಣ್ಣುಮಕ್ಕಳ ಬರೆಯದ ಪಾಲು, ಇವಕ್ಕೆ ಪಹಣಿಯ ನಮೂನೆ 16ರಲ್ಲಿ ಕಾಲಂ ಇರಲಿಲ್ಲ, ಸಾಫ್ಟ್‌ವೇರಿನಲ್ಲೂ ಬರಲಿಲ್ಲ.

ಈಗ ಭೂಮಿ ಜಾಲತಾಣ ತೆರೆಯುತ್ತಿದ್ದೇನೆ. ಜಿಲ್ಲೆ ಮಂಡ್ಯ, ತಾಲ್ಲೂಕು ಮದ್ದೂರು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್ನೋಕ್, ಹಿಸ್ಸಾ. ಶಾನುಭೋಗರ ಪುಸ್ತಕ ತಿರುವಿದ ಕ್ರಮವೇ ಇದು. ಹಲವು ಮನೆಗಳಲ್ಲಿ ಇದನ್ನು ಒತ್ತಿದರೆ ಕಾಲಂ 9ರಲ್ಲಿ ತೀರಿಹೋದ ತಾತನ ಹೆಸರೇ ಬರುತ್ತೆ. ಮನೆಯವರು ಪೌತಿ ಖಾತೆಗೆ ಅರ್ಜಿ ಕೊಡುವವರೆಗೆ ಈ ದಾಖಲೆಯ ಲೆಕ್ಕದಲ್ಲಿ ತಾತ ಬದುಕಿದ್ದಾರೆ. ಅವರ ಹೆಸರಿನ ಮುಂದೆ ಆ ಚುಕ್ಕಿಯೂ ಹಾಗೇ ಇದೆ: 1.20.